ಮಳೆಗೆ ಸೊಪ್ಪು ಹಾಕದ ಗುಲಾಬಿ

ಒಂದೇ ಒಂದು ಪುಟ ಬರೆಯಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಪ್ರಬಂಧ ಬರೆಯುವುದನ್ನು ಹೇಳಿಕೊಟ್ಟವಳು ನಾನು. ಹಸುವಿನ ಬಗ್ಗೆ ಹತ್ತು ವಾಕ್ಯ ಬರೆಯದವರ ಕಿವಿ ಹಿಂಡಿದವಳು. ಅಂಥವಳು ನಾನೇ ಹುಟ್ಟಿಸಿ ಬೆಳೆಸಿದ ಗುಲಾಬಿಯ ಬಗ್ಗೆ ಬರೆಯಲು ಕೂತರೆ ಎರಡನೇ ಸಾಲಿಗೇ ಎದ್ದು ಹಿತ್ತಲಿಗೆ ಹೋಗುತ್ತಿದ್ದೆ. ಗಿಡ ನೋಡಿ ಬಂದು ಕೂರುವುದು, ಬರೆದದ್ದನ್ನು ಹೊಡೆದುಹಾಕುವುದು, ಮತ್ತೆ ಏಳುವುದು. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?" ಎಂದು ನಮ್ಮ ಯಜಮಾನರು ಅಂಗಡಿಯಿಂದಲೇ ಕೇಳುತ್ತಿದ್ದರು. ಮೂಡಿಗೆರೆಯಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ನನ್ನ ಗುಲಾಬಿಗಳು.

ಬರೆಯಲು ಹೇಳಿದ್ದು ಚಿಕ್ಕಮಗಳೂರಿನ ಒಬ್ಬ ನರ್ಸರಿಯವರು. ಹೊಸ ತಳಿ ಎಂದರೆ ಸುಮ್ಮನೆ ಗಿಡ ಕೊಟ್ಟರೆ ಸಾಲದಂತೆ. ಎತ್ತರ ಎಷ್ಟು, ಮುಳ್ಳು ಹೇಗೆ, ಎಲೆಗೆ ಹೊಳಪಿದೆಯೇ, ಎಸಳು ಎಷ್ಟು, ಬಣ್ಣ ಯಾವುದು, ವಾಸನೆ ಎಂಥದು, ಕೊನೆಗೆ ಬೇರೆ ಗುಲಾಬಿಗಳಿಗಿಲ್ಲದ ವಿಶೇಷ ಗುಣ ಏನು, ಎಲ್ಲವನ್ನೂ ಬರೆದುಕೊಡಬೇಕು.

ಮುಳ್ಳು, ಎಲೆ, ಎಸಳು ಹೇಗೋ ಆಯಿತು. ಬಣ್ಣಕ್ಕೆ ಬಂದಾಗ ನನ್ನ ನಿದ್ದೆ ಹಾರಿತು. ಅಂಗಡಿಯಲ್ಲಿದ್ದ ಪೇಂಟಿನ ಶೇಡ್ ಕಾರ್ಡ್ ತಂದು ಹೂವಿನ ಪಕ್ಕ ಹಿಡಿದೆ. ಬೆಳಿಗ್ಗೆ ಒಂದು ಚೌಕಕ್ಕೆ ಹೊಂದುತ್ತಿತ್ತು, ಮಧ್ಯಾಹ್ನ ಇನ್ನೊಂದಕ್ಕೆ, ಮಂಜು ಇಳಿದ ಮೇಲೆ ಯಾವುದಕ್ಕೂ ಇಲ್ಲ. "ಅದು ಹೊರಗಿನ ಗೋಡೆಗೆ ಹೊಡೆಯೋ ಬಣ್ಣ ಮಾರಾಯ್ತಿ, ಒಳಗೋಡೆ ಕಾರ್ಡ್ ಕೊಡ್ಲಾ?" ಎಂದು ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ಕೊನೆಗೆ ಕಾರ್ಡ್ ಎಸೆದು ಹೀಗೆ ಬರೆದೆ: ಕಾಫಿ ಹಣ್ಣು ಪೂರ್ತಿ ಕೆಂಪಾಗುವ ಎರಡು ದಿನ ಮೊದಲು, ಹಳದಿ ಇನ್ನೂ ಹೋಗಿರದಾಗ ಇರುವ ಬಣ್ಣ. ಈ ಸೀಮೆಯಲ್ಲಿ ಅದು ಯಾರಿಗೆ ಗೊತ್ತಿಲ್ಲ?

ಹೊಡೆದುಹಾಕದೆ ಉಳಿದದ್ದು ಒಂದೇ ಸಾಲು. ಎಲ್ಲಕ್ಕಿಂತ ಮೊದಲು ಬರೆದದ್ದೂ ಅದನ್ನೇ. ವಿಶೇಷ ಗುಣ: ಮಲೆನಾಡಿನ ಜಡಿಮಳೆಯಲ್ಲೂ ಕೊಳೆಯದೆ ಅರಳುತ್ತದೆ.

ಈ ಕೆಲಸ ಶುರುವಾದದ್ದೇ ಮಳೆಯ ಮೇಲಿನ ಸಿಟ್ಟಿನಿಂದ. ನಮ್ಮಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಆಶ್ಲೇಷಾ ಮುಗಿಯುವವರೆಗೆ ಗುಲಾಬಿಗೆ ಉಳಿಗಾಲವಿಲ್ಲ. ಮೊಗ್ಗು ದಪ್ಪಗಾಗುತ್ತದೆ, ಇನ್ನೇನು ನಾಳೆ ಅರಳುತ್ತದೆ ಎನ್ನುವಾಗ ನಿಂತುಬಿಡುತ್ತದೆ. ಹೊರಗಿನ ಎಸಳು ನೆಂದ ಪೇಪರಿನ ಹಾಗೆ ಒಂದಕ್ಕೊಂದು ಅಂಟಿಕೊಂಡು ಕಂದಾಗುತ್ತದೆ. ಮುಟ್ಟಿದರೆ ಪಿಚಕ್ಕೆಂದು ಕೈಗೆ ಬರುತ್ತದೆ. ಹಿತ್ತಲಲ್ಲಿ ಮೂವತ್ತು ಗಿಡ ಇಟ್ಟುಕೊಂಡು, ಶ್ರಾವಣದ ಶುಕ್ರವಾರಕ್ಕೆ ಬಯಲುಸೀಮೆಯಿಂದ ಬಸ್ಸಿನಲ್ಲಿ ಬಂದ ಬಾಡಿದ ಹೂವನ್ನು ಕೊಳ್ಳುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಮಳೆಗೆ ಸೊಪ್ಪು ಹಾಕದ ಒಂದು ಗುಲಾಬಿಯನ್ನಾದರೂ ಮಾಡಿಯೇ ತೀರುತ್ತೇನೆ ಎಂದು ಹಠ ಹಿಡಿದೆ.

ಕಳಸದ ಕಡೆ ಬೇಲಿಗಳಲ್ಲಿ ಬೆಳೆಯುವ ನಾಟಿ ಗುಲಾಬಿಯನ್ನು ತಾಯಿ ಮಾಡಿದೆ. ಅದಕ್ಕೆ ಎಸಳು ಕಡಿಮೆ, ನೀರು ನಿಲ್ಲುವುದಿಲ್ಲ. ತಂದೆ, ನರ್ಸರಿಯಿಂದ ತಂದ ಒಂದು ದಪ್ಪ ಹೂವಿನ ಗಿಡ. ಹೂವು ಬಿರಿಯುವ ಹಿಂದಿನ ದಿನ ಎಸಳು ಬಿಡಿಸಿ, ಹುಬ್ಬಿನ ಕೂದಲು ಕೀಳುವ ಚಿಮುಟದಿಂದ ಕೇಸರಗಳನ್ನೆಲ್ಲ ಕಿತ್ತು, ಕಾಗದದ ಟೋಪಿ ಹಾಕಿ, ಮಾರನೆಯ ದಿನ ಚಿಕ್ಕ ಕುಂಚದಿಂದ ಪರಾಗ ಮುಟ್ಟಿಸುತ್ತಿದ್ದೆ. ಕಾಯಿ ಹಣ್ಣಾಗಲು ನಾಲ್ಕೈದು ತಿಂಗಳು. ಬೀಜವನ್ನು ಒದ್ದೆ ಹತ್ತಿಯಲ್ಲಿ ಸುತ್ತಿ ಮೊಸರಿನ ಡಬ್ಬಿಯಲ್ಲಿ ಫ್ರಿಜ್ಜಿಗೆ ಇಡುವುದು. ಒಂದು ವರ್ಷ ಯಜಮಾನರು, ನಾನು ಮೆಂತ್ಯ ಮೊಳಕೆ ಕಟ್ಟಿದ್ದೇನೆ ಎಂದುಕೊಂಡು ಒಂದು ಚಮಚ ಬಾಯಿಗೆ ಹಾಕಿಕೊಂಡಿದ್ದರು. ಅವರು ಉಗಿದ ಬೀಜಗಳನ್ನೂ ಬಿಡದೆ ಆರಿಸಿ ಬಿತ್ತಿದೆ. ಎಂಟು ವರ್ಷ ಹೀಗೆ ನಡೆಯಿತು. ಹುಟ್ಟಿದ ಸಸಿಗಳಲ್ಲಿ ಹೆಚ್ಚಿನವು ಬೂಷ್ಟು ಹಿಡಿದು ಹೋದವು, ಉಳಿದವು ಹೂವು ಬಿಟ್ಟು ನನಗೆ ಬೇಸರ ತರಿಸಿದವು. ಒಂದು ಮಾತ್ರ ಮನಸ್ಸಿಗೆ ಹಿಡಿಸಿತು, ಅದೇ ಇದು.

ಹಿತ್ತಲಲ್ಲಿ ಈ ಗಿಡ ಇದ್ದ ಮೂಲೆಗೆ ಸುತ್ತ ಗೋಡೆ, ಮೇಲೆ ಪಕ್ಕದ ಮನೆಯ ಸಜ್ಜಾ. ಇಲ್ಲಿ ಅರಳಿದರೆ ಏನೂ ಸಾಬೀತಾಗುವುದಿಲ್ಲ ಎಂಬ ಬುದ್ಧಿ ನನಗಿತ್ತು. ಅದಕ್ಕೇ ಈ ಗಿಡದ ಕಣ್ಣು ತೆಗೆದು ಕಸಿ ಮಾಡಿದ ಇನ್ನೊಂದು ಗಿಡವನ್ನು ಕಳಸದ ಹತ್ತಿರ ಒಬ್ಬಳಿಗೆ ಕೊಟ್ಟೆ. ನಾನು ಅಲ್ಲಿನ ಶಾಲೆಯಲ್ಲಿ ಆರು ವರ್ಷ ಟೀಚರಾಗಿದ್ದಾಗ ಅವಳ ಮನೆ ನಮ್ಮ ಪಕ್ಕದಲ್ಲೇ. ಎಸ್ಟೇಟಿನ ಕಾಫಿ ನರ್ಸರಿಯಲ್ಲಿ ಮೂವತ್ತು ವರ್ಷ ದುಡಿದವಳು. ಅವಳ ಕೈಯಲ್ಲಿ ಸತ್ತ ಸಸಿಯನ್ನು ಯಾರೂ ನೋಡಿಲ್ಲ ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರೇ ಹೇಳುತ್ತಿದ್ದರು. ಅವಳ ಅಂಗಳಕ್ಕೆ ಮರದ ನೆರಳೂ ಇಲ್ಲ, ಸಜ್ಜಾವೂ ಇಲ್ಲ. ಬೀಳುವ ಮಳೆ ನಮ್ಮದಕ್ಕಿಂತ ಜೋರು. ಇದಕ್ಕಿಂತ ಒಳ್ಳೆಯ ಪರೀಕ್ಷೆ ಎಲ್ಲಿದೆ?

ಪ್ರತಿ ಮಳೆಗಾಲದಲ್ಲೂ ಫೋನ್ ಮಾಡುತ್ತಿದ್ದೆ. ದಿನಕ್ಕೆರಡು ಸಲ ಮಾಡಿದ್ದೂ ಉಂಟು.

"ಅರಳ್ತಾ?"

"ಚೆಂದ ಅರಳಿದೆ ಟೀಚರೇ."

"ಮಳೆ ಹೇಗಿದೆ?"

"ಎಂತ ಕೇಳ್ತೀರಿ, ಹೊಡೀತಾ ಉಂಟು. ಮೂರು ದಿನ ಆಯ್ತು ಹೊಳೆ ತುಂಬಿ."

ಮಗಳ ಕೈಯಲ್ಲಿ ಫೋಟೋ ತೆಗೆಸಿ ಕಳಿಸುತ್ತಿದ್ದಳು. ಹತ್ತಿರದಿಂದ ತೆಗೆದ ಹೂವು, ಎಸಳ ಮೇಲೆ ಎರಡು ಹನಿ. ನಾನು ಆ ಫೋಟೋಗಳನ್ನು ಕಂಡಕಂಡವರಿಗೆಲ್ಲ ತೋರಿಸಿದೆ. ಮೂರು ಮಳೆಗಾಲ ಹೀಗೇ ಕಳೆದ ಮೇಲೆ ಎದೆಯುಬ್ಬಿಸಿಕೊಂಡು ನರ್ಸರಿಯವರ ಹತ್ತಿರ ಹೋದೆ. ಅವರು ಕೇಳಿದ ಪುಟವನ್ನು ಒಂದೂವರೆ ತಿಂಗಳ ಮೇಲೆ ಕೊಟ್ಟಾಗ ಓದಿ, "ಬಣ್ಣ ಗಿಣ್ಣ ಹಾಗಿರಲಿ ಮೇಡಂ, ಈ ಕೊನೇ ಸಾಲಿಗೋಸ್ಕರ ನಾನು ಇದನ್ನ ತಗೋತೀನಿ. ಇಡೀ ಗಿಡ ಮಳೆಯಲ್ಲಿ ನೆನೀತಾ ಅರಳಿರೋ ಒಂದು ಫೋಟೋ ಬೇಕು. ಅದು ಬಂದ ತಕ್ಷಣ ಕಸಿ ಶುರು ಮಾಡ್ತೀನಿ" ಎಂದರು.

ಪುನರ್ವಸು ಮುಗಿದು ಪುಷ್ಯ ಹಿಡಿದಿತ್ತು. ಮೂರು ಮೊಗ್ಗು ಬಿರಿಯಲು ಸಿದ್ಧವಾಗಿವೆ ಎಂದು ಕಳಸದಿಂದ ಸುದ್ದಿ ಬಂತು. ನಾನೇ ಹೋಗಿ ಫೋಟೋ ತೆಗೆಯುತ್ತೇನೆ ಎಂದು ಹೊರಟೆ. ಬಣಕಲ್ ದಾಟಿ, ಕೊಟ್ಟಿಗೆಹಾರದಲ್ಲಿ ಬಸ್ಸು ಟೀಗೆ ನಿಂತಾಗ ಡ್ರೈವರನ ಮೇಲೆ ರೇಗಿದೆ. ಆಮೇಲೆ ದಾರಿಯುದ್ದಕ್ಕೂ ಕಿಟಕಿಯ ಪರದೆ ಸರಿಸಿ ಸರಿಸಿ ಮಳೆ ನಿಂತಿಲ್ಲವಲ್ಲ ಎಂದು ನೋಡುತ್ತಿದ್ದೆ. ಮಳೆ ಬರಲಿ ಎಂದು ನಾನು ಬೇಡಿಕೊಂಡದ್ದು ಜೀವಮಾನದಲ್ಲಿ ಅದೊಂದೇ ಸಲ.

ಅಂಗಳದಲ್ಲಿ ನನ್ನ ಗಿಡ ಕಾಣಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಚಪ್ಪರ ಇತ್ತು. ನಾಲ್ಕು ಬಿದಿರಿನ ಗೂಟ, ಮೇಲೆ ಇಳಿಜಾರಾಗಿ ಕಟ್ಟಿದ ಪ್ಲಾಸ್ಟಿಕ್, ಗಾಳಿ ಬರುವ ಕಡೆ ಜರಿಗಿಡದ ಸೊಪ್ಪಿನ ತಟ್ಟಿ, ನೀರು ಹರಿದುಹೋಗಲು ಸುತ್ತ ಕಾಲುವೆ. ಕಾಫಿ ನರ್ಸರಿಯಲ್ಲಿ ಎಳೆ ಸಸಿಗಳಿಗೆ ಹೇಗೆ ಮಾಡುತ್ತಾರೋ ಹಾಗೇ, ಅಚ್ಚುಕಟ್ಟಾಗಿ. ಒಳಗೆ ನನ್ನ ಗುಲಾಬಿ ಬೆಚ್ಚಗೆ ನಿಂತಿತ್ತು.

"ಇದೇನೇ ಇದು?" ಎಂದೆ.

"ಚಪ್ಪರ ಟೀಚರೇ. ವರ್ಷ ವರ್ಷ ಹೊಸದು ಹಾಕ್ತೇನೆ," ಎಂದಳು ಅವಳು, ಹೆಮ್ಮೆಯಿಂದ.

"ಮಳೆಯಲ್ಲಿ ಅರಳುತ್ತೆ ಅಂದಿದ್ದೆಯಲ್ಲ!"

"ಮಳೆಗಾಲದಲ್ಲೇ ಅರಳಿದ್ದಲ್ವಾ? ನೀವು ಅರಳ್ತಾ ಅಂತ ಕೇಳಿದ್ರಿ, ಅರಳ್ತು ಅಂದೆ. ಮಳೆ ಉಂಟಾ ಅಂತ ಕೇಳಿದ್ರಿ, ಉಂಟು ಅಂದೆ." ಅವಳ ಮುಖ ಸಣ್ಣಗಾಯಿತು. "ನೀವು ಎಂಟು ವರ್ಷ ಕಷ್ಟಪಟ್ಟ ಗಿಡ. ಮಳೆಗೆ ಬಿಟ್ರೆ ಕೊಳೀತದಲ್ಲ? ಯಾರಾದ್ರೂ ಕೊಟ್ಟ ಸಸೀನ ನಾವು ಮಳೆಗೆ ಬಿಡೋದುಂಟಾ?"

ಅವಳು ಒಂದೂ ಸುಳ್ಳು ಹೇಳಿರಲಿಲ್ಲ. ಗಿಡ ಕೊಡುವಾಗ "ಚೆನ್ನಾಗಿ ನೋಡ್ಕೋ" ಎಂದು ನಾನೇ ಹೇಳಿದ್ದೆ. ನೋಡಿಕೊಂಡಿದ್ದಳು. ಯಾತಕ್ಕೆ ಕೊಟ್ಟಿದ್ದೇನೆ ಎಂದು ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಮೂರು ವರ್ಷ ಅವಳ ಬಾಯಿಂದ ನನಗೆ ಬೇಕಾದ ಎರಡು ಮಾತು ಹೊರಡಿಸಿ ಫೋನ್ ಇಟ್ಟಿದ್ದೆ. ನೀನು ಏನು ಮಾಡುತ್ತೀ, ಹೇಗೆ ಮಾಡುತ್ತೀ ಎಂದು ಒಂದು ದಿನವೂ ಕೇಳಿದ್ದಿಲ್ಲ. ಕೇಳಿದ್ದರೆ ಹೇಳದೆ ಇರುತ್ತಿದ್ದಳೇ?

"ಬಿಚ್ಚು," ಎಂದೆ.

"ಬೇಡ ಟೀಚರೇ. ಪುಷ್ಯ ಮಳೆ ಇದು."

"ಬಿಚ್ಚು ಅಂದೆನಲ್ಲ."

ಅವಳು ಒಂದೊಂದೇ ಗಂಟು ಬಿಚ್ಚಿದಳು. ಮೊದಲ ಹನಿ ಮೊಗ್ಗಿನ ಮೇಲೆ ಬಿದ್ದಾಗ ಮುಖ ಆಚೆ ತಿರುಗಿಸಿದಳು. ನಾನು ರೆಪ್ಪೆ ಹೊಡೆಯದೆ ನೋಡಿದೆ. ಎರಡು ದಿನ ಅವಳ ಜಗಲಿಯಲ್ಲೇ ಉಳಿದೆ. ಕೂತೆ, ಎದ್ದೆ, ನಡೆದೆ. ಅವಳು ಕೊಟ್ಟ ಗಂಜಿ ಆರಿ ತಣ್ಣಗಾಗುತ್ತಿತ್ತು. ಕೊಡೆ ಹಿಡಿದು ಹತ್ತು ನಿಮಿಷಕ್ಕೊಮ್ಮೆ ಗಿಡದ ಹತ್ತಿರ ಹೋಗುವುದು, ನನ್ನ ಕೊಡೆಯ ನೆರಳು ಗಿಡಕ್ಕೆ ಬಿದ್ದೀತೆಂದು ದೂರ ನಿಲ್ಲುವುದು, ಮತ್ತೆ ಬರುವುದು. ಇದು ನನ್ನ ಗುಲಾಬಿ, ಚಪ್ಪರ ಇಲ್ಲದೆಯೂ ಅರಳುತ್ತದೆ, ಅವಳು ಸುಮ್ಮನೆ ಕಟ್ಟಿದ್ದಳು ಅಷ್ಟೇ ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ಮಳೆ ಕೊಡದಲ್ಲಿ ಸುರಿದ ಹಾಗೆ ಹೊಡೆಯಿತು. ಅವಳು ತಡೆಯಲಾರದೆ ತಲೆಯ ಮೇಲಿನ ಕಂಬಳಿಕೊಪ್ಪೆಯನ್ನೇ ತೆಗೆದು ಗಿಡಕ್ಕೆ ಹಿಡಿಯಲು ಓಡಿದಳು. "ಮುಟ್ಟಬೇಡ!" ಎಂದು ಕಿರುಚಿದೆ, ಶಾಲೆಯ ಮಕ್ಕಳಿಗೆ ಕಿರುಚುವ ಹಾಗೆ. ಅವಳು ಬರಿತಲೆಯಲ್ಲಿ ನೆನೆಯುತ್ತ ನಿಂತುಬಿಟ್ಟಳು. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದೆ. ಎರಡು ಮೊಗ್ಗು ಕಂದಾಗಿ ತಲೆ ಬಗ್ಗಿಸಿದ್ದವು. ಮೂರನೆಯದರ ಹೊರಗಿನ ಎಸಳನ್ನು ಉಗುರಿನಲ್ಲಿ ಬಿಡಿಸಿದೆ, ಒಳಗಾದರೂ ಉಳಿದಿದೆಯೇನೋ ಎಂದು. ಇಡೀ ಮೊಗ್ಗು ಕೈಗೆ ಬಂತು.

ಜಗಲಿಗೆ ಬಂದು ಚೀಲದಿಂದ ಆ ಪುಟವನ್ನು ತೆಗೆದೆ. ಕೊನೆಯ ಸಾಲು ಹೊಡೆದು ಅದರ ಕೆಳಗೆ, ಮಳೆಯಲ್ಲಿ ಕೊಳೆಯುತ್ತದೆ ಎಂದು ಬರೆದೆ. ಆ ಪುಟದಲ್ಲಿ ಒಂದೇ ಏಟಿಗೆ ಬರೆದ ಎರಡನೆಯ ವಾಕ್ಯ ಅದು. ನರ್ಸರಿಯವರು ಇನ್ನು ಇದನ್ನು ಮುಟ್ಟುವುದಿಲ್ಲ ಎಂಬುದು ಗೊತ್ತಿತ್ತು. ದುಃಖ ಒತ್ತರಿಸಿಕೊಂಡು ಬಂತು. ಕೊಳೆತ ಮೊಗ್ಗು ಇನ್ನೂ ಅಂಗೈಯಲ್ಲೇ ಇತ್ತು, ಒರೆಸಿಕೊಳ್ಳುವ ಮನಸ್ಸೂ ಆಗಲಿಲ್ಲ.

ಅವಳು ಅಂಗಳದಲ್ಲಿ, ಗಿಡದ ಪಕ್ಕ ನಿಂತಿದ್ದಳು. ಗಿಡದ ಬುಡದಲ್ಲಿ ಹೊಸದೊಂದು ಚಿಗುರು, ಅದರ ತುದಿಗೆ ಹೆಸರುಕಾಳಿನಷ್ಟು ಮೊಗ್ಗು ಇತ್ತಂತೆ, ನಾನು ಗಮನಿಸಿರಲಿಲ್ಲ. ಮಡಚಿಟ್ಟಿದ್ದ ಪ್ಲಾಸ್ಟಿಕ್ಕನ್ನು ಎದೆಗೆ ಅವಚಿಕೊಂಡು, ಹತ್ತಿರ ಬರಲು ಹೆದರಿ, ಅಲ್ಲಿಂದಲೇ ಕೇಳಿದಳು:

"ಈಗ ಮುಚ್ಲಾ, ಟೀಚರೇ?"

ಮಳೆಗೆ ಇಳಿದು ಹೋಗಿ ಪ್ಲಾಸ್ಟಿಕ್ಕಿನ ಇನ್ನೊಂದು ತುದಿ ಹಿಡಿದೆ.