ಲಿಫ್ಟ್ ಪಕ್ಕದ ನೋಟಿಸ್

ಮಸ್ಕತ್ತಿನ ಅಲ್ ಅಜೈಬಾದಲ್ಲಿದ್ದ ನಮ್ಮ ಕಟ್ಟಡದ ಲಿಫ್ಟ್ ಪಕ್ಕದ ನೋಟಿಸನ್ನು ಅತಿಥಿ ಎರಡು ಸಲ ಓದಿದರು. ‘ಮನೆಗೆಲಸದವರು, ಕೂಲಿಗಳು ಮೆಟ್ಟಿಲನ್ನೇ ಬಳಸಬೇಕು’ ಎಂದು ಇಂಗ್ಲಿಷಿನಲ್ಲಿತ್ತು.

ಅವರು ದಕ್ಷಿಣ ಆಫ್ರಿಕಾದ ಕಪ್ಪು ವರ್ಣೀಯ ಎಂಜಿನಿಯರ್. ಮುಂದಿನ ವಿಮಾನಕ್ಕೆ ಇನ್ನೂ ಆರು ಗಂಟೆ ಇದ್ದುದರಿಂದ, ಮನೆಯಲ್ಲಿ ಊಟ ಮಾಡಿಸಿ ಕಳಿಸು ಎಂದು ನಮ್ಮ ಮ್ಯಾನೇಜರ್ ನನಗೆ ಒಪ್ಪಿಸಿದ್ದರು. ಅವರ ದೇಶದಲ್ಲಿ ವರ್ಣಭೇದ ನೀತಿ ಮುಗಿದು ಆಗಿನ್ನೂ ಹತ್ತು ವರ್ಷ. ಅವರ ತಾಯಿ ಜೋಹಾನ್ಸ್‌ಬರ್ಗ್‌ನ ಕಟ್ಟಡವೊಂದರಲ್ಲಿ ಕಸ ಗುಡಿಸುತ್ತಿದ್ದರಂತೆ. ಅಲ್ಲಿ ಬಿಳಿಯರಿಗೊಂದು ಲಿಫ್ಟ್, ಉಳಿದವರಿಗೆ ಸಾಮಾನು ಸಾಗಿಸುವ ಲಿಫ್ಟ್. ಕಾರಿನಲ್ಲಿ ಇದನ್ನು ಕೇಳಿ ನಾನು ಛೇ ಛೇ ಎಂದಿದ್ದೆ. ನಮ್ಮಲ್ಲಿ ಅಂಥದ್ದೇನೂ ಇಲ್ಲ ಎಂದೂ ಸೇರಿಸಿದ್ದೆ.

‘ಇದನ್ನು ಬರೆದವರು ಯಾರು?’ ಎಂದು ಕೇಳಿದರು.

‘ಬಿಲ್ಡಿಂಗ್ ಓನರ್’ ಎಂದೆ. ಬಾಡಿಗೆದಾರರೆಲ್ಲರ ಪರವಾಗಿ ಅದನ್ನು ಆಫೀಸಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ದಪ್ಪ ಅಕ್ಷರ ಆರಿಸಿ, ಪ್ರಿಂಟ್ ತೆಗೆದವನು ನಾನೇ.

ಅವರು ಮೆಟ್ಟಿಲು ಹತ್ತತೊಡಗಿದರು. ನಾನೂ ಹಿಂದೆ ಹೋದೆ. ನಾಲ್ಕನೇ ಮಹಡಿಯಲ್ಲಿ ಬಾಗಿಲು ತೆರೆದ ನನ್ನ ಹೆಂಡತಿ ನಮ್ಮಿಬ್ಬರ ಏದುಸಿರು ನೋಡಿ, ‘ಯಾಕ್ರೀ, ಲಿಫ್ಟ್ ಕೆಟ್ಟೈತೇನು?’ ಎಂದಳು. ಹೌದು ಎಂದೆ.

ಅತಿಥಿ ರೊಟ್ಟಿ, ಎಣ್ಣೆಗಾಯಿ ಎರಡು ಸಲ ಹಾಕಿಸಿಕೊಂಡರು. ಲಿಫ್ಟಿನ ಮಾತು ಎತ್ತಲೇ ಇಲ್ಲ.

ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದವನೇ ನೋಟಿಸ್ ಕಿತ್ತುಹಾಕಿದೆ. ಯಾರೂ ಏಕೆಂದು ಕೇಳಲಿಲ್ಲ. ನಮ್ಮ ಮನೆಗೆಲಸದಾಕೆಗೆ ಇನ್ನು ಲಿಫ್ಟಿನಲ್ಲೇ ಬಾ ಎಂದೆ. ರೂಢಿಯಾಗಿಬಿಟ್ಟಿದೆ ಸಾಬ್ ಎಂದು ಹಿಂದಿಯಲ್ಲಿ ಹೇಳಿದಳು. ನಾವು ಒಮಾನ್ ಬಿಡುವವರೆಗೂ ಆಕೆ ಮೆಟ್ಟಿಲು ಹತ್ತಿಯೇ ಬಂದಳು.