ಜಾಡಿಮನೆಯ ಮರುಳಸಿದ್ದಪ್ಪ

ಜಯನಗರದ ಕಾಲೇಜೊಂದರ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ಅಟೆಂಡರ್ ಮರುಳಸಿದ್ದಪ್ಪನವರ ಒಪ್ಪಿಗೆಯಿಲ್ಲದೆ ಒಂದು ಏಡಿಯೂ ಫೋಟೋಗೆ ನಿಲ್ಲುವುದಿಲ್ಲ ಎಂಬುದು ಫೋಟೋಗ್ರಾಫರ್ ಸಂಘಮಿತ್ರಾಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಮೂವತ್ತು ವರ್ಷದಿಂದ ಫಾರ್ಮಲಿನ್‌ನಲ್ಲಿ ಮುಳುಗಿ ಕೂತ ಕಡಲಜೀವಿಗಳ ಗಾಜಿನ ಜಾಡಿಗಳನ್ನು ಅವರು, ಮದುವೆ ಮನೆಯಲ್ಲಿ ಮುತ್ತಜ್ಜಿಯರನ್ನು ಫೋಟೋಗೆ ಕರೆತರುವಂತೆ, ಎರಡೂ ಕೈಯಲ್ಲಿ ಹಿಡಿದು ತರುತ್ತಾರೆ. ಪ್ರತಿ ಜಾಡಿಗೂ ಆಯುಧಪೂಜೆಯಲ್ಲಿ ಬಳಿದ ಮೂರು ಬೆರಳಿನ ವಿಭೂತಿ. "ಅಂಕಲ್, ಇದು ಲೈಟಿಗೆ ಅಡ್ಡ ಬರುತ್ತೆ, ಒರೆಸ್ಲಾ?" ಎಂದರೆ, "ಬೇಕಾದ್ರೆ ಹಿಂದಕ್ಕೆ ತಿರುಗಿಸ್ತೀನಿ ಮೇಡಂ, ಬರೀ ಹಣೇಲಿ ನಿಲ್ಲಿಸ್ಬಾರ್ದು" ಅನ್ನುತ್ತಾರೆ. "ಆಕ್ಟೋಪಸ್ಸನ್ನ ಎಡಗಡೆಯಿಂದ ತೆಗೀರಿ, ಬಲಗಡೆಯಿಂದ ಕೋಪ ಬಂದಂಗಿರ್ತಾನೆ. ನಕ್ಷತ್ರಮೀನಿಗೆ ಮಾತ್ರ ಯೋಚ್ನೆನೇ ಇಲ್ಲ, ಯಾವ ಕಡೆಯಿಂದ ನೋಡಿದ್ರೂ ಲಕ್ಷಣ!" ಕ್ಯಾಮೆರಾ ಕ್ಲಿಕ್ ಅನ್ನುವ ಮುಂಚೆ ತಾವೇ ಉಸಿರು ಬಿಗಿಹಿಡಿದು, "ಯಾರೂ ಅಲ್ಲಾಡ್ಬೇಡ್ರಪ್ಪಾ" ಎಂದು ಜಾಡಿಗಳನ್ನು ಗದರುತ್ತಾರೆ. ಜಾಡಿಯೊಳಗಿನವರು ಯಾರೂ ಅಲ್ಲಾಡಲಿಲ್ಲ. ನಕ್ಕು ನಕ್ಕು ಸಂಘಮಿತ್ರಾಳ ಕೈಯೇ ಅಲ್ಲಾಡಿ ಅರ್ಧ ಫೋಟೋಗಳು ಕೆಟ್ಟವು. ಕೊನೆಗೆ ಅವಳು ಹಿನ್ನೆಲೆಗೆಂದು ನೀಲಿ ಬಟ್ಟೆ ಇಳಿಬಿಟ್ಟಾಗ ಅವರು ಹತ್ತಿರ ಬಂದರು. ಬಟ್ಟೆಯ ಅಂಚು ಮುಟ್ಟಿ ನೋಡಿ, "ಸಮುದ್ರ ಇಷ್ಟು ನೀಲಿ ಇರುತ್ತಾ ಮೇಡಂ? ನಾನು ಒಂದ್ಸಲಾನೂ ನೋಡಿಲ್ಲ" ಎಂದರು. ಅವಳು ಕ್ಯಾಮೆರಾ ಕೆಳಗಿಳಿಸಿದಳು. "ಒಂದೊಂದು ದಿನ ಇರುತ್ತೆ ಅಂಕಲ್" ಅಂದಳು. ಆ ಉತ್ತರ ಅವರಿಗೆ ಸಾಲಲಿಲ್ಲ. ಕನ್ನಡಕ ಸರಿಮಾಡಿಕೊಂಡು ಕಡಲಕುದುರೆಯ ಜಾಡಿಯತ್ತ ಬಗ್ಗಿದರು, ಮೆಲ್ಲಗೆ ಕೇಳಿದರು: "ಹಿಂಗೇ ಇತ್ತೇನಪ್ಪಾ, ನಿಮ್ಮನೆ?"