ಗಾಜಿನೊಳಗಿನ ಕಾಡು

ಕಾಡಂಚಿನ ವಸತಿಗೃಹದಲ್ಲಿ ಆ ಕೆಲಸದಾಕೆಗೆ ಎಲ್ಲರೂ ಇಟ್ಟ ಹೆಸರು ಗಾಜಮ್ಮ. ಹೆಸರು ಸುಮ್ಮನೆ ಬರಲಿಲ್ಲ ನೋಡಿ. ಊಟದ ಕೋಣೆಯ ಗೋಡೆಯಗಲದ ಗಾಜನ್ನು ಮೊದಲು ಒದ್ದೆ ಬಟ್ಟೆ, ಆಮೇಲೆ ಹಳೇ ಪತ್ರಿಕೆ ಹಿಡಿದು ಆಕೆ ಒರೆಸಿದರೆ ಅಲ್ಲಿ ಗಾಜಿದೆಯೆಂದೇ ಗೊತ್ತಾಗುತ್ತಿರಲಿಲ್ಲ. ಮೂಗು ಜಜ್ಜಿಕೊಂಡ ಅತಿಥಿಗಳೂ ಉಂಟು. ಅವರು ಮೂಗು ಉಜ್ಜಿಕೊಳ್ಳುತ್ತಲೇ ಭೇಷ್ ಅನ್ನುತ್ತಿದ್ದರು, ಈಕೆ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು.

ಹಿಂದಿನ ಹಳ್ಳದಲ್ಲಿ ಒಂದು ಜೋಡಿ ಸಿಳ್ಳೆಹಕ್ಕಿಗಳಿದ್ದವು. ಕಡುನೀಲಿ ಮೈ. ಬಿಸಿಲೆಂದರೆ ಆಗದು, ದಟ್ಟ ಮರಗಳ ನೆರಳು, ಪಾಚಿಗಟ್ಟಿದ ಬಂಡೆ, ಹರಿವ ನೀರು ಇದ್ದರಷ್ಟೇ ಅವಕ್ಕೆ ಬಾಳು. ಬಂಡೆಯ ಸಂದಿಯಲ್ಲಿ ಗೂಡು, ಗೂಡಿನಲ್ಲಿ ಮರಿ. ಬೆಳಗ್ಗೆ ಗಂಡು ಹಾಡಿದರೆ ಯಾರೋ ಮನುಷ್ಯರೇ ಸಿಳ್ಳೆ ಹಾಕುತ್ತ ಹೋದಂತಿರುತ್ತಿತ್ತು.

ಒಂದು ದಿನ ಆಕೆ ಗಾಜಿನ ಹೊರಬದಿ ಒರೆಸಿ ಮುಗಿಸಿ ಇನ್ನೂ ಬಕೆಟ್ ಎತ್ತಿರಲಿಲ್ಲ, ಧಡ್ ಎಂದಿತು. ಗಾಜಿನಲ್ಲಿ ಪ್ರತಿಬಿಂಬವಾಗಿ ಕಂಡ ಮರಗಳನ್ನೇ ಕಾಡೆಂದು ನಂಬಿ ಗಂಡು ನುಗ್ಗಿತ್ತು. ಆಕೆಯ ಅಂಗೈಯಲ್ಲೇ ಅದರ ಕತ್ತು ವಾಲಿತು. ಅಯ್ಯೋ ಪಾಪಿ ಎಂದು ತನ್ನನ್ನೇ ಬೈದುಕೊಂಡಳು. ಯಾರಿಗೂ ಹೇಳದೆ ಗಿಡದ ಬುಡದಲ್ಲಿ ಮಣ್ಣು ಮಾಡಿದಳು.

ಮರಿಗಳಿಗೆ ಇನ್ನು ತಾಯಿಯೊಂದೇ ಗತಿ. ಅದೂ ಬಡಿದುಕೊಂಡರೆ? ಗಾಜಮ್ಮ ಒರೆಸುವುದನ್ನೇ ಬಿಟ್ಟಳು. ಧೂಳು ಕೂತಿತು.

"ಏನಮ್ಮ, ಗಾಜು ಹೀಗಿದೆ?" ಎಂದು ಮ್ಯಾನೇಜರ್ ಕೇಳಿದಾಗ, "ಕಣ್ಣು ಮಂಜಾಗಿದೆ ಸಾರ್," ಎಂದು ಸುಳ್ಳು ಹೇಳಿದಳು. ಮ್ಯಾನೇಜರ್ ಪಾಪ, ಒಳ್ಳೆಯವರು. ಅಲ್ಲೇ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ ಅವಳ ಸೊಸೆಗೇ ಗಾಜಿನ ಕೆಲಸ ವಹಿಸಿದರು.

ಮರುದಿನ ತಿಂಡಿ ಹೊತ್ತಿಗೆ ಗಾಜು ಫಳಫಳ. ಸೊಸೆ ಅತ್ತೆಯನ್ನು ಅಂಗಳಕ್ಕೆ ಕರೆತಂದಳು.

"ನೋಡಿ ಅತ್ತೆ, ನೀವು ಕಲಿಸಿದ ಹಾಗೇ ಒರೆಸಿದೀನಿ."

ಅಷ್ಟರಲ್ಲಿ ಅಂಗಳದ ಕಂಬಿಯ ಮೇಲೆ ಹೆಣ್ಣು ಹಕ್ಕಿ ಬಂದು ಕೂತಿತು. ಕೊಕ್ಕಿನಲ್ಲಿ ಹುಳ, ಕಣ್ಣು ಗಾಜಿನ ಕಾಡಿನ ಮೇಲೆ. ಗಾಜಮ್ಮ ಓಡಿದಳು. ಹೂವಿನ ಪಾತಿಗೆ ಕೈ ಹಾಕಿ ಕೆಸರನ್ನು ಬಾಚಿ ಬಾಚಿ ಗಾಜಿಗೆ ಮೆತ್ತಿದಳು. ಒಳಗೆ ತಿಂಡಿ ತಿನ್ನುತ್ತಿದ್ದವರ ಕೈ ಬಾಯಿಯ ಹತ್ತಿರವೇ ನಿಂತುಹೋಯಿತು. ಹಕ್ಕಿ ಬೆದರಿ ಹಳ್ಳದ ಕಡೆ ಹಾರಿತು.

ಮ್ಯಾನೇಜರ್ ಓಡಿಬಂದರು. "ಏನಮ್ಮ ಇದು? ಕಣ್ಣು ಕಾಣಲ್ಲ ಅಂದಿದ್ರಿ?"

"ಕಾಣುತ್ತೆ ಸಾರ್, ಚೆನ್ನಾಗೇ ಕಾಣುತ್ತೆ. ನಾಲ್ಕು ಜನ ಹೊಗಳಲಿ ಅಂತ ಒರೆಸಿ ಒರೆಸಿ ಈಗ ಹಾರಿಹೋದ ಹಕ್ಕಿಯ ಗಂಡನ್ನ ಕೊಂದವಳು ನಾನು. ನನ್ನ ಸೊಸೆ ಕೈಯಲ್ಲೂ ಅದನ್ನ ಮಾಡಿಸಬೇಡಿ."